ಮುರುಗಲು ಬೀಜ ಎಸೆಯಬೇಡಿ: ಬೆಟ್ಟದ ಗಿಡಗಳನ್ನು ಊರಲ್ಲೇ ಬೆಳೆಸುವುದು ಹೀಗೆ

ಮೇ ತಿಂಗಳಲ್ಲಿ ಸಾಗರ, ಹೊಸನಗರದ ಕಡೆ ಎಷ್ಟೋ ಮನೆಗಳ ಅಂಗಳದಲ್ಲಿ ಮುರುಗಲು (ಕೋಕಂ) ಹಣ್ಣಿನ ಸಿಪ್ಪೆ ಒಣಗುತ್ತಿರುತ್ತದೆ. ಸಿಪ್ಪೆ ಡಬ್ಬಿ ಸೇರುತ್ತದೆ. ಕೆಲವರು ಬೀಜದಿಂದ ತುಪ್ಪ ತೆಗೆಯುತ್ತಾರೆ. ಉಳಿದವರ ಮನೆಯಲ್ಲಿ ಬೀಜ ಗೊಬ್ಬರಗುಂಡಿಗೆ ಹೋಗುತ್ತದೆ. ಜುಲೈನಲ್ಲಿ ವನಮಹೋತ್ಸವ ಬಂದಾಗ ಸಸಿಗಾಗಿ ಪೇಟೆಗೆ ಓಡುತ್ತೇವೆ. ನಮ್ಮ ಬೆಟ್ಟದ ಗಿಡವೇ ಬೇಕು ಅಂದರೆ ಹಿಂದಿನ ವರ್ಷದ ಮೇ ತಿಂಗಳಲ್ಲೇ ಕೆಲಸಕ್ಕೆ ಕೈಹಾಕಬೇಕು.

ಮೊದಲು ಹೆಸರು ಕಲಿಯಿರಿ

ಊರಿನ ಹಿರಿಯರೊಬ್ಬರ ಜೊತೆ ಸೊಪ್ಪಿನ ಬೆಟ್ಟಕ್ಕೆ, ಅಂದರೆ ತೋಟಕ್ಕೆ ಸೊಪ್ಪು ತರುವ ಕಾಡಿಗೆ ಹೋಗಿ. ದಿನಕ್ಕೆ ಐದು ಗಿಡ ಸಾಕು. ಹೆಸರೇನು, ಯಾವ ತಿಂಗಳು ಹೂವು, ಯಾವಾಗ ಹಣ್ಣು, ಮನೆಯಲ್ಲಿ ಅದರ ಬಳಕೆ ಏನು ಎಂದು ಬರೆದುಕೊಳ್ಳಿ. ಮಕ್ಕಳನ್ನೂ ಕರೆದುಕೊಂಡು ಹೋಗಿ. ಅಕೇಶಿಯಾ, ಸಿಲ್ವರ್ ಓಕ್ ಅವರಿಗೆ ಗೊತ್ತು. ಎರಡೂ ಆಸ್ಟ್ರೇಲಿಯಾ ಕಡೆಯಿಂದ ಬಂದವು. ಪಕ್ಕದಲ್ಲೇ ನಿಂತ ನಂದಿ, ಹೊನ್ನೆ, ಹೆಬ್ಬಲಸು ಗೊತ್ತಿಲ್ಲ ಅಂದರೆ ಬೇಸರವಾಗುತ್ತದೆ ಅಲ್ವಾ? ಅಡುಗೆಮನೆಯಲ್ಲೂ ಕೇಳಿ. ಯಾವ ಚಿಗುರಿನ ತಂಬುಳಿ ರುಚಿ, ವಾಟೆಹುಳಿ ಯಾವ ಮರದ್ದು ಎನ್ನುವುದು ಅಲ್ಲಿ ಗೊತ್ತಿರುತ್ತದೆ.

ಒಂದು ಎಚ್ಚರಿಕೆ. ಹೊಳೆಗೇರು ಮರವನ್ನು ಮೊದಲ ದಿನವೇ ಗುರುತಿಸಿಕೊಳ್ಳಿ. ಅದರ ಸೊನೆ ತಾಗಿದರೆ ಮೈಮೇಲೆ ಗುಳ್ಳೆ ಏಳುತ್ತವೆ.

ಬೀಜ ಹಸಿಯಾಗಿರುವಾಗಲೇ ಬಿತ್ತಿ

ಮಲೆನಾಡಿನ ಬಹಳಷ್ಟು ಮರಗಳ ಬೀಜ ರಾಗಿ, ಭತ್ತದ ಹಾಗಲ್ಲ. ಒಣಗಿಸಿಟ್ಟರೆ ಸತ್ತೇ ಹೋಗುತ್ತವೆ. ಮುರುಗಲು, ಉಪ್ಪಾಗೆ, ಹಲಸು, ಮಾವು, ರಾಮಪತ್ರೆ ಎಲ್ಲಾ ಹೀಗೇ. ಮೊದಲ ವರ್ಷ ನಾನು ಮುರುಗಲು ಬೀಜವನ್ನು ಒಂದು ವಾರ ಬಿಸಿಲಿಗೆ ಹಾಕಿ ಆಮೇಲೆ ಬಿತ್ತಿದ್ದೆ. ಒಂದೂ ಹುಟ್ಟಲಿಲ್ಲ.

ಹಣ್ಣು ಬಿಡಿಸಿದಾಗ ಬೀಜಕ್ಕೆ ತಿರುಳು ಅಂಟಿಕೊಂಡಿರುತ್ತದೆ, ಕೈಯಲ್ಲಿ ನಿಲ್ಲದೆ ಜಾರುತ್ತದೆ. ಸ್ವಲ್ಪ ಒಲೆಬೂದಿ ಹಾಕಿ ಉಜ್ಜಿ ತೊಳೆಯಿರಿ. ನೆರಳಿನಲ್ಲಿ ನೀರು ಆರಿದರೆ ಸಾಕು. ಅದೇ ದಿನ ಇಲ್ಲವೇ ಮರುದಿನ ಬಿತ್ತಿಬಿಡಿ. ಕೊಟ್ಟೆಗೆ (ಸಸಿ ಬೆಳೆಸುವ ಚೀಲಕ್ಕೆ) ಎರಡು ಪಾಲು ಮಣ್ಣು, ಒಂದು ಪಾಲು ಮರಳು, ಒಂದು ಪಾಲು ಚೆನ್ನಾಗಿ ಕಳಿತ ಗೊಬ್ಬರ. ತಳಕ್ಕೆ ತೂತು ಹಾಕಿದ ಹಾಲಿನ ಪ್ಯಾಕೆಟ್ಟೂ ಆಗುತ್ತದೆ. ಬೀಜ ಮುಚ್ಚುವಷ್ಟು ಮಣ್ಣು ಹಾಕಿ ನೆರಳಲ್ಲಿಡಿ. ಮೊಳಕೆಗೆ ವಾರಗಟ್ಟಲೆ ಕಾಯಬೇಕು. ಹುಟ್ಟಲಿಲ್ಲ ಎಂದು ಕೊಟ್ಟೆ ಸುರಿದುಬಿಡಬೇಡಿ.

ಮುರುಗಲಿನಲ್ಲಿ ಗಂಡು ಮರ, ಹೆಣ್ಣು ಮರ ಬೇರೆ ಬೇರೆ. ಯಾವುದು ಎಂದು ಹೂ ಬಿಟ್ಟಾಗಲೇ ಗೊತ್ತಾಗುವುದು, ಅದಕ್ಕೆ ಸುಮಾರು 7-8 ವರ್ಷ ಬೇಕು. ಹಾಗಾಗಿ ಒಂದು ನೆಟ್ಟು ಸುಮ್ನಾಗಬೇಡಿ, ನೆರೆಮನೆಯವರೂ ಸೇರಿ ಹತ್ತಾದರೂ ನೆಡಿ. ಉಪ್ಪಿನಕಾಯಿಗೆ ಹಾಕುವ ಪರಿಮಳದ ಮಾವು ಅಪ್ಪೆಮಿಡಿಯ ದಾರಿಯೇ ಬೇರೆ. ಬೀಜದಿಂದ ಎದ್ದ ಗಿಡಕ್ಕೆ ತಾಯಿಮರದ ಪರಿಮಳ ಬರುತ್ತದೆ ಎಂಬ ಭರವಸೆ ಇಲ್ಲ. ಅದಕ್ಕೆ ಕಸಿಯೇ ಬೇಕು.

ಮರದ ಬುಡದಲ್ಲಿ ಬಿದ್ದಿದ್ದನ್ನೆಲ್ಲ ಬಳಿದು ತರಬೇಡಿ. ಕಾಡುಪ್ರಾಣಿಗಳಿಗೂ ಬೇಕು, ಆ ಜಾಗಕ್ಕೂ ಸಸಿ ಬೇಕು. ಅಭಯಾರಣ್ಯ, ಮೀಸಲು ಅರಣ್ಯದೊಳಗೆ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಕೈಹಾಕುವಂತಿಲ್ಲ.

ನೆಡುವುದು ಮುಂದಿನ ವರ್ಷದ ಮಳೆಗಾಲಕ್ಕೆ

ಜೂನ್ ಕೊನೆಯ ಆರಿದ್ರಾ ಮಳೆ ಹಿಡಿದು ನೆಲ ಪೂರ್ತಿ ನೆನೆದ ಮೇಲೆ ನೆಡಿ. ಬುಡಕ್ಕೆ ದರಗು (ಒಣಗಿ ಬಿದ್ದ ಎಲೆ) ಮುಚ್ಚಿ. ದನ ಬರುವ ಕಡೆ ಸುತ್ತ ಲಕ್ಕಿ ಗೂಟ ಊರಿದರೆ ಅದೇ ಚಿಗುರಿ ಬೇಲಿಯಾಗುತ್ತದೆ.

ನಿಮ್ಮ ನೋಟ್‌ಬುಕ್ ಪಂಚಾಯಿತಿಗೂ ಬೇಕು. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿ ಗ್ರಾಮ ಪಂಚಾಯಿತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ಊರಿನ ಗಿಡಮರಗಳ ದಾಖಲೆ ಮಾಡಿಸುವುದು ಅದರ ಕೆಲಸ. ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳಿ, ನಿಮ್ಮ ಪಟ್ಟಿ ಕೊಡಿ.

ತಾನಾಗಿ ಹುಟ್ಟಿದ್ದನ್ನು ಉಳಿಸಿ

ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡ ಕೆಲಸ ಇದು. ಬೆಟ್ಟದಲ್ಲಿ ಮತ್ತಿ, ನೇರಳೆ, ಹೊನ್ನೆ ತಾವಾಗಿಯೇ ಹುಟ್ಟುತ್ತವೆ. ದರಗು ಗುಡಿಸುವಾಗ ಬೀಜ ಹೋಗುತ್ತದೆ, ಗಿಡಗಂಟಿ ಸವರುವಾಗ ಸಸಿ ಹೋಗುತ್ತದೆ. ಒಂದು ಮೂಲೆಯ ದರಗನ್ನು ಗುಡಿಸದೆ ಬಿಡಿ. ಸವರುವ ಮೊದಲು ಹಳೇ ಸೀರೆಯ ಕೆಂಪು ಚೂರುಗಳನ್ನು ಸಸಿಗಳಿಗೆ ಸಡಿಲವಾಗಿ ಕಟ್ಟಿ, ಕತ್ತಿ ಹಿಡಿದವರಿಗೆ ದೂರದಿಂದಲೇ ಕಾಣುತ್ತದೆ. ಸಸಿ ಎದೆಮಟ್ಟ ಬಂದ ಮೇಲೆ ಮರೆಯದೆ ಬಿಚ್ಚಿ, ಇಲ್ಲದಿದ್ದರೆ ಕಾಂಡಕ್ಕೆ ಬಿಗಿಯುತ್ತದೆ.