ನಗು ತೆಗೆದ ಮೇಲೆ ಉಳಿದ ಚಿತ್ರ

ನಾನು ಹಾಸನದಲ್ಲಿ ಒಂದು ದಿನಪತ್ರಿಕೆಗೆ ಪಾಕೆಟ್ ಕಾರ್ಟೂನ್ ಬರೆಯುತ್ತಿದ್ದವನು. ಚರಂಡಿ, ಕರೆಂಟು, ಆಲೂಗಡ್ಡೆ ರೇಟು, ಎಲೆಕ್ಷನ್ನು, ಇವೇ ನನ್ನ ಬಂಡವಾಳ. ಈಗ ಯಾರಾದರೂ ನನ್ನ ಪರಿಚಯ ಮಾಡಿಸುವಾಗ ‘ಕ್ಯಾಸೆಟ್ ಕವರ್ ಬರೀತಾರಲ್ಲ, ಅವರು’ ಅನ್ನುತ್ತಾರೆ. ಕ್ಯಾಸೆಟ್ ಕಾಲ ಮುಗಿದು ಎಷ್ಟು ವರ್ಷವಾಯಿತು! ಹೆಸರು ಮಾತ್ರ ಹಾಗೇ ಉಳಿದಿದೆ.

ಮೊದಲ ಕೆಲಸ ಕೊಟ್ಟದ್ದು ಒಂದು ಭಜನಾ ಮಂಡಳಿ. ಕೈಯಿಂದ ದುಡ್ಡು ಹಾಕಿ ಹಾಡು ರೆಕಾರ್ಡ್ ಮಾಡಿಸಿದ್ದರು. ‘ಫೋಟೋ ಬೇಡ ಸಾರ್. ಹದಿಮೂರು ಜನ ಇದ್ದೀವಿ, ಯಾರನ್ನ ಮುಂದೆ ನಿಲ್ಲಿಸಿದ್ರೂ ಜಗಳ. ನೀವೇ ಏನಾದ್ರೂ ಬರ್ಕೊಡಿ’ ಅಂದರು. ಆಗಷ್ಟೇ ಬೆಂಗಳೂರಿನ ಗೆಳೆಯನೊಬ್ಬ ಹಳೇ ಎಲ್‌ಪಿ ರೆಕಾರ್ಡಿನ ಹೊದಿಕೆಯೊಂದನ್ನು ತೋರಿಸಿದ್ದ. 1968ರಲ್ಲಿ ಅಮೆರಿಕದ ವ್ಯಂಗ್ಯಚಿತ್ರಕಾರ ರಾಬರ್ಟ್ ಕ್ರಂಬ್ ಬರೆದದ್ದು, ಜಾನಿಸ್ ಜಾಪ್ಲಿನ್ ಹಾಡಿದ ‘ಚೀಪ್ ಥ್ರಿಲ್ಸ್’ ಆಲ್ಬಮ್ಮಿನದು. ಕಾಮಿಕ್ಸ್ ಪುಟದ ಹಾಗೆ ಚೌಕ ಚೌಕ ಮಾಡಿ, ಒಂದೊಂದರಲ್ಲಿ ಒಂದು ಹಾಡು, ಇಲ್ಲವೇ ಒಬ್ಬ ವಾದ್ಯಗಾರ. ಅದು ಹಿಂಬದಿಗೆ ಅಂತ ಬರೆದ ಚಿತ್ರವಂತೆ. ಜಾಪ್ಲಿನ್ ತಂಡದವರಿಗೆ ಎಷ್ಟು ಹಿಡಿಸಿತೆಂದರೆ ಅದನ್ನೇ ಮುಂದೆ ಹಾಕಿದರು. ನನಗೆ ತಲೆ ತಿರುಗಿಹೋಯಿತು. ನಮ್ಮ ಹದಿಮೂರು ಜನಕ್ಕೂ ಹದಿಮೂರು ಚೌಕ ಹಾಕಿಬಿಟ್ಟೆ.

ಎಲ್‌ಪಿ ಹೊದಿಕೆ ಹನ್ನೆರಡು ಇಂಚು ಚೌಕ. ಕ್ಯಾಸೆಟ್ ಡಬ್ಬಿಯ ಮುಖ ನಾಲ್ಕು ಇಂಚು ಉದ್ದ, ಎರಡೂವರೆ ಅಗಲ. ಅಂದರೆ ಹದಿನಾಲ್ಕರಲ್ಲಿ ಒಂದು ಪಾಲು ಜಾಗ! ಈ ಲೆಕ್ಕ ನನಗೆ ಹೊಳೆದದ್ದು ಪ್ರಿಂಟ್ ಆಗಿ ಬಂದ ಮೇಲೆ. ಭಜನೆಯವರೆಲ್ಲ ಸಕ್ಕರೆಗೆ ಮುತ್ತಿದ ಇರುವೆ ಥರ ಕಾಣುತ್ತಿದ್ದರು. ಸಾಲದ್ದಕ್ಕೆ ಇನ್‌ಲೇ ಕಾರ್ಡಿನ, ಅಂದರೆ ಡಬ್ಬಿಯೊಳಗೆ ಮಡಿಚಿ ಇಡುವ ಕಾಗದದ ಮಡಿಕೆ ಎಲ್ಲಿ ಬರುತ್ತದೆ ಅಂತ ಪ್ರೆಸ್ಸಿನವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಹಾರ್ಮೋನಿಯಂ ನುಡಿಸುವವರ ಮೂಗು ಮುಂದೆ ಬಂತು, ಕಿವಿ ಬೆನ್ನಿಗೆ ಹೋಯಿತು. ಅವರು ಇವತ್ತಿಗೂ ನನ್ನನ್ನು ಕಂಡರೆ ರಸ್ತೆ ದಾಟುತ್ತಾರೆ.

ಅವತ್ತಿನಿಂದ ಒಂದು ಅಭ್ಯಾಸ ಬಂತು. ಚಿತ್ರ ಮುಗಿದ ಮೇಲೆ ಗೋಡೆಗೆ ಅಂಟಿಸಿ, ಆಚೆ ಕೋಣೆಯ ಬಾಗಿಲಲ್ಲಿ ನಿಂತು ನೋಡುವುದು. ಅಲ್ಲಿಂದ ಕಾಣದ ಗೆರೆ ನನ್ನ ಖುಷಿಗೆ ಬರೆದದ್ದು, ಅಳಿಸಬೇಕು. ಆಮೇಲೆ ಸಿಡಿ ಬಂತು, ಹನ್ನೆರಡು ಸೆಂಟಿಮೀಟರ್ ಚೌಕ, ಸ್ವಲ್ಪ ಉಸಿರಾಡಲು ಜಾಗ. ಈಗ ಆನ್‌ಲೈನಿನಲ್ಲಿ ಬಿಡುವ ಹಾಡಿಗೆ ಮೂರು ಸಾವಿರ ಪಿಕ್ಸೆಲ್ ಉದ್ದ, ಅಷ್ಟೇ ಅಗಲದ ಫೈಲ್ ಕೇಳುತ್ತಾರೆ. ಆದರೆ ಜನ ನೋಡುವುದು ಮೊಬೈಲಿನಲ್ಲಿ, ಹೆಬ್ಬೆರಳಿನ ಉಗುರಿನಷ್ಟು. ಸುತ್ತಿ ಸುತ್ತಿ ಕ್ಯಾಸೆಟ್ಟಿಗಿಂತ ಚಿಕ್ಕದಕ್ಕೇ ಬಂದು ನಿಂತೆವು, ಅಲ್ವಾ?

ಅಳತೆ ಹೇಗೋ ಕಲಿತೆ. ಜಾಸ್ತಿ ಕಾಡಿದ್ದು ಬೇರೆ. ಕಾರ್ಟೂನ್ ಬರೆಯುವವನ ಕೈ ಸುಮ್ನೆ ಇರುವುದಿಲ್ಲ, ಎಲ್ಲದಕ್ಕೂ ಒಂದು ಚುಚ್ಚು ಬೇಕು. ಸಕಲೇಶಪುರ ಕಡೆಯ ನಾಲ್ಕು ಹುಡುಗರು ಆನೆ ಕಾಟದ ಮೇಲೆ ಹಾಡು ಮಾಡಿದ್ದರು. ತಮಟೆ, ಗಿಟಾರು, ನಡುನಡುವೆ ತೋಟದಲ್ಲಿ ರೆಕಾರ್ಡ್ ಮಾಡಿದ ಮಳೆಯ ಸದ್ದು. ನಾನು ಬರೆದುಕೊಟ್ಟದ್ದು ಹೀಗೆ: ಆನೆಯೊಂದು ತೋಟದ ಬೇಲಿ ಮೇಲೆ ಒರಗಿ ಪಹಣಿ ತೋರಿಸುತ್ತಿದೆ, ‘ಇದು ನಮ್ಮಜ್ಜನ ಜಾಗ’ ಅಂತ ಬಲೂನು. ಪತ್ರಿಕೆಗಾದರೆ ಎದ್ದು ಕುಣಿಯುವಂಥದ್ದು. ಹುಡುಗರು ನಕ್ಕರು. ಆಮೇಲೆ ತಮಟೆ ಹುಡುಗ ತಲೆ ಕೆರೆದುಕೊಂಡು, ‘ಸಾರ್, ಬೇಜಾರಾಗ್ಬೇಡಿ. ಹಾಡು ಶುರುವಾಗೋಕೆ ಮುಂಚೇನೇ ನಕ್ಕು ಮುಗೀತಲ್ಲ’ ಅಂದ.

ಬೇಜಾರಾಯಿತು. ಸುಳ್ಳು ಯಾಕೆ ಹೇಳಲಿ. ಎರಡು ದಿನ ಆ ಹಾಡನ್ನು ಕೇಳಲೇ ಇಲ್ಲ. ಮೂರನೇ ದಿನ ಸ್ಕೂಟರಿನಲ್ಲಿ ಆಲೂರಿಗೆ ಹೋಗುವಾಗ ಕಿವಿಗೆ ಹಾಕಿಕೊಂಡೆ. ಪತ್ರಿಕೆಯ ಕಾರ್ಟೂನನ್ನು ಜನ ಕಾಫಿ ಕುಡಿಯುತ್ತ ಒಮ್ಮೆ ನೋಡುತ್ತಾರೆ, ಮಧ್ಯಾಹ್ನಕ್ಕೆ ಅದರಲ್ಲೇ ಬೋಂಡಾ ಕಟ್ಟುತ್ತಾರೆ. ಹಾಡಿನ ಕವರ್ ಹಾಗಲ್ಲ. ಹಾಡು ಹಿಡಿಸಿದವನು ಇನ್ನೂರು ಸಲ ಅದೇ ಚಿತ್ರ ನೋಡಬೇಕು. ಇನ್ನೂರನೇ ಸಲಕ್ಕೆ ಯಾವ ಜೋಕೂ ಉಳಿಯುವುದಿಲ್ಲ.

ಆನೆಯನ್ನೇ ತೆಗೆದೆ. ಬಲೂನು ತೆಗೆದೆ, ಬೇಲಿ ತೆಗೆದೆ. ಮಳೆ ನೀರು ನಿಂತ ಒಂದು ಆನೆ ಹೆಜ್ಜೆ, ಅದರ ಅಂಚಿನೊಳಗೆ ಒಂದು ಹವಾಯಿ ಚಪ್ಪಲಿಯ ಗುರುತು. ಅಷ್ಟೇ. ಕೆಮ್ಮಣ್ಣಿನ ಬಣ್ಣ, ನಡುವೆ ಬೂದು ನೀರು. ಮೊಬೈಲಿನಲ್ಲಿ ನೋಡಿದರೆ ದುಂಡನೆಯ ತಟ್ಟೆ, ದೊಡ್ಡದು ಮಾಡಿದರೆ ಹೆಜ್ಜೆಯೊಳಗೆ ಹೆಜ್ಜೆ. ಹುಡುಗರು ಏನೂ ಮಾತಾಡಲಿಲ್ಲ. ಅದನ್ನೇ ಹಾಕಿದರು. ಆಮೇಲೆ ಬಂದ ಕೆಲಸಗಳಲ್ಲಿ ಮುಕ್ಕಾಲು ಪಾಲು ‘ಆ ಹೆಜ್ಜೆ ಬರೆದವರು ನೀವೇನಾ’ ಅಂತಲೇ ಶುರುವಾದವು.

ಅಕ್ಷರದ ಬಗ್ಗೆ ಹೇಳದಿದ್ದರೆ ಹೊಟ್ಟೆ ಉಬ್ಬುತ್ತದೆ. ಹೆಸರನ್ನು ನಾನು ಕೈಯಲ್ಲೇ ಬರೆಯುವುದು. ಕನ್ನಡಕ್ಕೆ ಕೆಳಗೆ ಒತ್ತು ಬೇಕು, ಮೇಲೆ ಗುಡಿಸು ಬೇಕು, ಅದಕ್ಕೇ ಸಾಲಿಗೆ ಜಾಗ ಜಾಸ್ತಿ. ಚಿಕ್ಕದಾದಾಗ ‘ಪ’ದ ತಲೆಯ ಬಳಿಯ ಸಂದು ಮುಚ್ಚಿಕೊಂಡು ‘ವ’ ಆಗುತ್ತದೆ. ತತ್ವಪದದ ಕ್ಯಾಸೆಟ್ಟೊಂದರಲ್ಲಿ ‘ಪದ’ ಹೋಗಿ ‘ವದ’ ಆಗಿತ್ತು. ಗಾಯಕರನ್ನು ಕೊಂದ ಹಾಗಾಯಿತು ಅಂತ ಅಂಗಡಿಯವರು ತಮಾಷೆ ಮಾಡಿದರು. ಈಗ ಆ ಸಂದನ್ನು ಬೇಕೆಂದೇ ಅಗಲ ಬಿಡುತ್ತೇನೆ, ದೊಡ್ಡದಾಗಿ ನೋಡಿದರೆ ಹಲ್ಲು ಬಿದ್ದ ಬಾಯಿಯ ಹಾಗಿದ್ದರೂ ಪರವಾಗಿಲ್ಲ. ಕಂಪ್ಯೂಟರಿನಲ್ಲೇ ಟೈಪ್ ಮಾಡುವವರು ಅಕ್ಷರವನ್ನು ಗೆರೆಯಾಗಿ ಬದಲಾಯಿಸಿಯೇ ಫೈಲ್ ಕಳಿಸಿ. ಇಲ್ಲದಿದ್ದರೆ ಆ ಫಾಂಟ್ ಇಲ್ಲದ ಕಡೆ ತೆರೆದಾಗ ಒತ್ತುಗಳು ಬೀದಿಗೆ ಬಿದ್ದಿರುತ್ತವೆ.

ಸಹಿಯನ್ನೂ ಚಿಕ್ಕದು ಮಾಡಿದೆ. ನಮ್ಮ ಜಿಲ್ಲೆಯದೇ ನುಗ್ಗೇಹಳ್ಳಿಯ ಲಕ್ಷ್ಮೀನರಸಿಂಹ ದೇವಸ್ಥಾನ 1246ರದು. ಅಲ್ಲಿ ಕೆಲಸ ಮಾಡಿದ ಶಿಲ್ಪಿಗಳಲ್ಲಿ ಮಲ್ಲಿತಮ್ಮ ಒಬ್ಬ. ಆತ ತಾನು ಕೆತ್ತಿದ ವಿಗ್ರಹಗಳ ಕೆಳಗೆ ಒಮ್ಮೊಮ್ಮೆ ‘ಮಲ್ಲಿ’ ಅಂತಲೋ ಬರೀ ‘ಮ’ ಅಂತಲೋ ಗುರುತು ಹಾಕುತ್ತಿದ್ದ. ಮೂಲೆಯಲ್ಲಿ ಉದ್ದಕ್ಕೆ ಹೆಸರು, ಕೆಳಗೆ ಅಡ್ಡಗೆರೆ ಎಳೆಯುತ್ತಿದ್ದ ನನಗೆ ಅದು ತಿಳಿದಾಗ ನಾಚಿಕೆಯಾಯಿತು. ಈಗ ನನ್ನದೂ ಒಂದೇ ಅಕ್ಷರ.

ಸದ್ಯ ಮೇಜಿನ ಮೇಲಿರುವುದು ಅರಕಲಗೂಡು ಕಡೆಯ ಒಬ್ಬ ತಂಬೂರಿ ಅಜ್ಜನ ಪದಗಳು. ಮೊಮ್ಮಗ ರೆಕಾರ್ಡ್ ಮಾಡಿದ್ದಾನೆ. ಅಜ್ಜ ತಂತಿ ಮೀಟುವ ಬೆರಳು ಸವೆದು ಚಪ್ಪಟೆಯಾಗಿದೆ. ಆ ಬೆರಳು, ಒಂದು ತಂತಿ, ಇಷ್ಟನ್ನೇ ಬರೆದು ತೋರಿಸಿದೆ. ಅಜ್ಜ ಕಾಗದವನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿದರು. ‘ಚೆನ್ನಾಗೈತೆ ಕಣಪ್ಪ. ನನ್ನ ಪೇಟ ಎಲ್ಲಿ?’ ಅಂದರು. ಬೆರಳಿನ ಹಿಂದೆ ಕೆಂಪು ಪೇಟವನ್ನು ಎಲ್ಲಿ ಕೂರಿಸುವುದು ಅಂತ ಮೂರು ದಿನದಿಂದ ಅಳಿಸಿ ಅಳಿಸಿ ಬರೆಯುತ್ತಿದ್ದೇನೆ.