ಮೊದಲು ಹಣೆ ನೋಡುತ್ತೇನೆ

ಮಂಡ್ಯದ ನನ್ನ ಕ್ಲಿನಿಕ್ಕಿಗೆ ಒಂದು ಬೆಳಿಗ್ಗೆ ಆಲೆಮನೆಯಲ್ಲಿ ದುಡಿಯುವ ಹಿರಿಯರೊಬ್ಬರನ್ನು ಮಗ ಕರೆತಂದ. "ಅಪ್ಪನಿಗೆ ಲಕ್ವ ಹೊಡೆದಿದೆ ಸ್ವಾಮಿ, ಬಾಯಿ ಸೊಟ್ಟಗಾಗಿದೆ" ಎಂದ. ಬಾಯಿ ಎಡಕ್ಕೆ ಎಳೆದುಕೊಂಡಿತ್ತು. ಬಲ ಕಟವಾಯಿಯಿಂದ ಸೋರಿದ ಕಾಫಿಯ ಕಲೆ ಅಂಗಿಯ ಮೇಲಿತ್ತು.

ನಾನು ಹಣೆ ನೋಡಿದೆ. "ಯಜಮಾನರೇ, ತಲೆ ಎತ್ತದೆ ಸೂರು ನೋಡಿ" ಎಂದೆ. ಎಡಗಡೆ ನೆರಿಗೆಗಳೆದ್ದವು, ಬಲಗಡೆ ನುಣ್ಣಗೇ ಉಳಿಯಿತು. "ಕಣ್ಣಿಗೆ ಸೋಪಿನ ನೊರೆ ಬಿದ್ದ ಹಾಗೆ ಬಿಗಿಯಾಗಿ ಮುಚ್ಚಿ" ಎಂದಾಗ ಬಲ ರೆಪ್ಪೆ ಅರ್ಧಕ್ಕೇ ನಿಂತಿತು, ಗುಡ್ಡೆ ಮೇಲಕ್ಕೆ ಹೊರಳಿ ಬಿಳಿ ಮಾತ್ರ ಕಂಡಿತು.

ಮೆದುಳಿನಿಂದ ನೇರವಾಗಿ ಹೊರಡುವ ಹನ್ನೆರಡು ಜೋಡಿ ನರಗಳಿಗೆ ಕಪಾಲ ನರಗಳೆನ್ನುತ್ತಾರೆ. ಮುಖವನ್ನು ಆಡಿಸುವುದು ಅವುಗಳಲ್ಲಿ ಏಳನೆಯದು. ಹಣೆಗೆ ಮೆದುಳಿನ ಎರಡೂ ಬದಿಯಿಂದ ಆಜ್ಞೆ ಬರುತ್ತದೆ, ಕೆಳಮುಖಕ್ಕೆ ಬಹುಪಾಲು ಎದುರು ಬದಿಯಿಂದ. ಆದ್ದರಿಂದ ಮೆದುಳಿನ ಒಂದು ಬದಿಗೆ ಪೆಟ್ಟು ಬಿದ್ದರೆ ಬಾಯಿ ಸೊಟ್ಟಗಾದರೂ ಹಣೆ ನೆರಿಗೆ ಕಟ್ಟುತ್ತದೆ. ಹಣೆಯೂ ಸೋತಿದ್ದರೆ ಸಾಮಾನ್ಯವಾಗಿ ತೊಂದರೆ ನರದಲ್ಲೇ ಇರುತ್ತದೆ. ಮೆದುಳಿನ ಕಾಂಡದ ಪೆಟ್ಟಿನಲ್ಲೂ ಹಣೆ ಸೋಲಬಹುದು. ಅದಕ್ಕೇ ಕೈಕಾಲಿನ ಬಲ, ಮಾತು, ಕಣ್ಣು ಹೊರಕ್ಕೆ ಹೊರಳುವುದು ಇಷ್ಟನ್ನೂ ನೋಡಿದೆ. ಕಿವಿಯಲ್ಲಿ ನೀರುಗುಳ್ಳೆ ಇದೆಯೇ ಎಂದು ಟಾರ್ಚ್ ಹಿಡಿದು ನೋಡಿದೆ. ಯಾವುದರಲ್ಲೂ ದೋಷವಿರಲಿಲ್ಲ, ಗುಳ್ಳೆಯೂ ಇರಲಿಲ್ಲ. ಇದು ಬೆಲ್ಸ್ ಪಾಲ್ಸಿ, ಅಂದರೆ ಮುಖದ ನರವೇ ಇದ್ದಕ್ಕಿದ್ದಂತೆ ಸೋಲುವುದು.

ಬಲಹಣೆಯೂ ಸುಕ್ಕಾಗಿದ್ದರೆ ಅವರನ್ನು ಒಂದು ನಿಮಿಷವೂ ಕೂರಿಸಿಕೊಳ್ಳುತ್ತಿರಲಿಲ್ಲ. ಪಾರ್ಶ್ವವಾಯುವಿನಲ್ಲಿ ರಕ್ತದ ಹೆಪ್ಪು ಕರಗಿಸುವ ಚುಚ್ಚುಮದ್ದಿಗೆ ಇರುವ ಅವಧಿ ನಾಲ್ಕೂವರೆ ಗಂಟೆ. ಬೆಲ್ಸ್ ಪಾಲ್ಸಿಗೆ 72 ಗಂಟೆಯೊಳಗೆ ಸ್ಟೀರಾಯ್ಡ್ ಶುರುವಾಗಬೇಕು. ಸಕ್ಕರೆ ಪರೀಕ್ಷಿಸಿ ಮಾತ್ರೆ ಬರೆದೆ. ಹಗಲು ಕಣ್ಣಿಗೆ ಹನಿ, ರಾತ್ರಿ ಮುಲಾಮು ಹಚ್ಚಿ ರೆಪ್ಪೆ ಮುಚ್ಚಿ ಟೇಪ್ ಅಂಟಿಸುವುದನ್ನು ಮಗನ ಕೈಯಲ್ಲೇ ಮಾಡಿಸಿ ನೋಡಿದೆ. ಮುಚ್ಚದ ಕಣ್ಣು ಒಣಗಿದರೆ ದೃಷ್ಟಿಗೇ ಕುತ್ತು, ಆಲೆಮನೆಯ ಹೊಗೆಯಂತೂ ಬೇಡವೇ ಬೇಡ.

ಸೂರು, ನೊರೆ ಎಂಬ ಮಾತುಗಳನ್ನು ನಾನು ಕಷ್ಟಪಟ್ಟು ಕಂಡುಕೊಂಡೆ. ಮೈಸೂರಿನಲ್ಲಿ ಹೌಸ್ ಸರ್ಜನ್ ಆಗಿದ್ದಾಗ ಅಜ್ಜಿಯೊಬ್ಬರಿಗೆ "ಹುಬ್ಬು ಮೇಲೇರಿಸಿ" ಎಂದಿದ್ದೆ. ಅವರು ಕತ್ತನ್ನೇ ಎತ್ತಿದರು. ಹಣೆ ಎರಡೂ ಕಡೆ ಸೋತಿದೆ ಎಂದು ಬರೆದುಕೊಂಡೆ. ನನ್ನ ಹಿರಿಯ ವೈದ್ಯರು ಅವರ ಗಲ್ಲ ಹಿಡಿದು ಬೆರಳನ್ನು ಮೇಲೆತ್ತಿ ತೋರಿಸಿದಾಗ ನೆರಿಗೆಗಳು ಚೆನ್ನಾಗಿಯೇ ಬಂದವು. ಅಜ್ಜಿಗೆ ಪಾರ್ಶ್ವವಾಯು ಆಗಿತ್ತು. ಅಂದಿನಿಂದ ಪ್ರತಿ ನರಕ್ಕೂ ಮನೆಮಾತು ಹುಡುಕುತ್ತಾ ಬಂದಿದ್ದೇನೆ. ಕೆನ್ನೆ ಉಬ್ಬಿಸಲು "ಬಾಯಿ ಮುಕ್ಕಳಿಸುವ ಹಾಗೆ", ದವಡೆ ಕಚ್ಚಿಸುವ ಐದನೆಯ ನರಕ್ಕೆ "ಕಬ್ಬು ಕಚ್ಚಿದ ಹಾಗೆ". ಕಬ್ಬು ಎಂದೊಡನೆ ದವಡೆಯ ಸ್ನಾಯು ನನ್ನ ಬೆರಳಿನಡಿ ಗಟ್ಟಿಯಾಗುತ್ತದೆ.

ನಾಲಿಗೆ ಯಾವ ಕಡೆಗೆ ವಾಲುತ್ತದೆ ಎಂಬುದು ವಿದ್ಯಾರ್ಥಿಗಳಿಗೆ ಸದಾ ಗೊಂದಲ. ನಾನು ಜೋಡೆತ್ತನ್ನು ನೆನೆಯಲು ಹೇಳುತ್ತೇನೆ: ಒಂದು ಎತ್ತು ಸೋತರೆ ಗಾಡಿ ಸೋತ ಎತ್ತಿನ ಕಡೆಗೇ ತಿರುಗುತ್ತದೆ. ಹನ್ನೆರಡನೆಯ ನರ ಸೋತಾಗ ಚಾಚಿದ ನಾಲಿಗೆಯೂ ಹಾಗೆಯೇ, ಐದನೆಯದು ಸೋತಾಗ ತೆರೆದ ದವಡೆಯೂ ಹಾಗೆಯೇ. ಕಿರುನಾಲಿಗೆ ಮಾತ್ರ ಹಗ್ಗಜಗ್ಗಾಟದಂತೆ ಬಲವಿರುವ ಕಡೆಗೆ ಹೋಗುತ್ತದೆ. ಅದು ಹತ್ತನೆಯ ನರದ ಕೆಲಸ.

ಕಣ್ಣನ್ನು ಕೆಳಕ್ಕೆ ಹೊರಳಿಸಲು ನೆರವಾಗುವ ನಾಲ್ಕನೆಯ ನರದ ಸೋಲನ್ನು ರೋಗಿ ಹೇಳುವ ಕಥೆಯಲ್ಲೇ ಹಿಡಿಯಬಹುದು. ಚಾಮುಂಡಿ ಬೆಟ್ಟ ಹತ್ತುವಾಗ ಸರಿಯಿದ್ದವರಿಗೆ ಇಳಿಯುವಾಗ ಒಂದು ಮೆಟ್ಟಿಲು ಮೇಲೊಂದು ಕೆಳಗೊಂದಾಗಿ ಕಂಡರೆ, ಅವರು ತಲೆಯನ್ನು ಯಾವ ಭುಜಕ್ಕೆ ವಾಲಿಸಿ ಕೂತಿದ್ದಾರೆ ಎಂದು ನೋಡುತ್ತೇನೆ. ರೆಪ್ಪೆ ಜೋತು ಪಾಪೆಯೂ ಹಿಗ್ಗಿದ್ದರೆ ಅದು ಮೂರನೆಯ ನರ. ಮೆದುಳಿನ ರಕ್ತನಾಳ ಉಬ್ಬಿ ಒತ್ತುತ್ತಿರಬಹುದು, ಅಂಥವರನ್ನು ಆಗಲೇ ದೊಡ್ಡ ಆಸ್ಪತ್ರೆಗೆ ಕಳಿಸುತ್ತೇನೆ.

ಆಲೆಮನೆಯ ಯಜಮಾನರು ಮೂರು ವಾರದ ಮೇಲೆ ಬಂದರು. ನಾನು ಕೇಳುವ ಮೊದಲೇ ಸೂರು ನೋಡಿದರು. ಬಲಹಣೆಯಲ್ಲಿ ತೆಳ್ಳಗೆ ಒಂದು ಗೆರೆ ಎದ್ದಿತ್ತು.