ಕಾಸರಗೋಡಿಗೆ ಯಾವಾಗ ಬರುವುದು?

ಬದಿಯಡ್ಕದ ನಮ್ಮ ಮನೆಗೆ ಫೋನ್ ಮಾಡುವ ನೆಂಟರೆಲ್ಲ ಕೇಳುವುದು ಇದನ್ನೇ. ಬೇಕಲ ಕೋಟೆ ನೋಡಿದರೆ ಸಾಕು ಅನ್ನುವವರು ಡಿಸೆಂಬರ್, ಜನವರಿಯಲ್ಲಿ ಬನ್ನಿ. ಕೆಳದಿಯ ಶಿವಪ್ಪ ನಾಯಕ 1650ರ ಸುಮಾರಿಗೆ ಕಟ್ಟಿಸಿದ ಕೋಟೆ. ಒಳಗೆ ನೆರಳು ಕಮ್ಮಿ. ಬೆಳಿಗ್ಗೆ ಬೇಗ ಹೋಗಿ, ಇಲ್ಲವೇ ನಾಲ್ಕು ಗಂಟೆ ಕಳೆದ ಮೇಲೆ.

ನನ್ನನ್ನು ಕೇಳಿದರೆ ಮಳೆಗಾಲವೇ ಚೆಂದ. ಜೂನ್, ಜುಲೈಯಲ್ಲಿ ಕಡಲಿಗೆ ಇಳಿಯುವ ಮಾತೇ ಬೇಡ, ದಡದಿಂದ ನೋಡಿ ಸಾಕು. ಕುಂಬಳೆ ಹತ್ತಿರದ ಅನಂತಪುರಕ್ಕೆ ಹೋಗಿ. ಕೆರೆಯ ನಡುವೆ ಗುಡಿ, ಸುತ್ತ ಮುರಕಲ್ಲಿನ ಪಾದೆ, ಅಂದರೆ ಬಂಡೆಹಾಸು. ಆಗಸ್ಟ್ ಹೊತ್ತಿಗೆ ಇಂಥ ಪಾದೆಗಳ ಗುಂಡಿಗಳಲ್ಲಿ ನೀರು ನಿಂತಿರುತ್ತದೆ. ಅಂಚಿನಲ್ಲಿ ಉಗುರಿಗಿಂತ ಚಿಕ್ಕ ನೀಲಿ ಹೂ. ಕುಕ್ಕರಗಾಲಲ್ಲಿ ಕೂತರೆ ಮಾತ್ರ ಕಾಣುತ್ತದೆ. ಗುಡಿಯ ಕೆರೆಯಲ್ಲಿದ್ದ ಬಬಿಯಾ ಮೊಸಳೆ 2022ರಲ್ಲೇ ಸತ್ತುಹೋಯಿತು, ಆದರೂ ಜನ ಕೆರೆಗೆ ಇಣುಕುವುದು ಬಿಟ್ಟಿಲ್ಲ.

ನಿದ್ದೆಗೆಡಲು ತಯಾರಿದ್ದರೆ ನವೆಂಬರ್‌ನಿಂದ ಮೇ ತನಕ ಬನ್ನಿ. ತೆಯ್ಯಂ (ಭೂತಕೋಲದಂಥದೇ ದೈವಾರಾಧನೆ), ಭೂತಕೋಲ, ಯಕ್ಷಗಾನ ಬಯಲಾಟ ಎಲ್ಲ ಆಗಲೇ. ಮೇ ಕೊನೆಗೆ ಬರುವ ಪತ್ತನಾಜೆಗೆ ಇವೆಲ್ಲ ಮುಗಿಯುತ್ತವೆ; ಅದು ಕಳೆದ ಮೇಲೆ ಬಂದು ಆಟ ಎಲ್ಲಿ ಅಂತ ಕೇಳಬೇಡಿ ಮಾರಾಯ್ರೆ! ತೆಯ್ಯಂ ನಡೆಯುವಲ್ಲಿ ಚಪ್ಪಲಿ ಹೊರಗಿಡಿ, ಫೋಟೋ ತೆಗೆಯುವ ಮುಂಚೆ ಮನೆಯವರನ್ನು ಕೇಳಿ.

ರಾಣಿಪುರಂ ಗುಡ್ಡಕ್ಕಾದರೆ ಮಳೆ ಬಿಟ್ಟ ಮೇಲೆಯೇ ಹೋಗಿ. ಇಂಬಳ (ಜಿಗಣೆ) ಜಾಸ್ತಿ, ಕೈಯಲ್ಲಿ ಉಪ್ಪಿನ ಪೊಟ್ಟಣ ಇರಲಿ.